ಪೈಥಾನ್ ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸೋದು: ನಿಮಗೆ ಯಾವ ದಾರಿ ಸರಿ?

“ಟೆಸ್ಟ್ ಓಡ್ತಿದೆ, ಅಷ್ಟರಲ್ಲಿ ಒಂದು ಕಾಫಿ ಕುಡಿದು ಬರೋಣ ಬಾ.” ದಿನಕ್ಕೆ ಒಂದು ಸಲ ಆದರೆ ಇದು ಒಳ್ಳೆಯ ಮಾತೇ. ನಾಲ್ಕು ಸಲ ಆದರೆ ಪ್ರಾಜೆಕ್ಟ್‌ಗೆ ಏನೋ ಆಗಿದೆ ಅಂತಲೇ ಲೆಕ್ಕ. ಟೆಸ್ಟ್ ಮುಗಿಯೋಕೆ ಹನ್ನೆರಡು ನಿಮಿಷ ಬೇಕು ಅಂದರೆ ಜನ ಏನು ಮಾಡುತ್ತಾರೆ ಗೊತ್ತಲ್ವಾ? ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸೋದನ್ನೇ ಬಿಟ್ಟುಬಿಡುತ್ತಾರೆ. ಪುಶ್ ಮಾಡಿ ಕೂರುತ್ತಾರೆ. ಸಿಐ (ಪುಶ್ ಮಾಡಿದ ಕೋಡನ್ನು ಬೇರೆ ಮೆಷಿನ್‌ನಲ್ಲಿ ತಾನಾಗೇ ಟೆಸ್ಟ್ ಮಾಡುವ ವ್ಯವಸ್ಥೆ) ಕೆಂಪು ತೋರಿಸಿದರೆ ಆಮೇಲೆ ನೋಡಿಕೊಳ್ಳೋಣ ಅಂತ.

ಆಗ ಯಾರಾದರೂ ಒಬ್ಬರು ಕೇಳುತ್ತಾರೆ: “ಎಕ್ಸ್‌ಡಿಸ್ಟ್ ಹಾಕಿಬಿಡ್ಲಾ? ಇಲ್ಲಾ ಸಿಐನಲ್ಲಿ ನಾಲ್ಕು ಜಾಬ್ ಮಾಡಿ ಹಂಚಿಬಿಡ್ಲಾ? ಜ್ಯಾಂಗೊದಲ್ಲೇ ಏನೋ ಪ್ಯಾರಲಲ್ ಅಂತ ಇದೆಯಂತಲ್ಲ?” ಎಕ್ಸ್‌ಡಿಸ್ಟ್ ಅಂದರೆ ಟೆಸ್ಟ್‌ಗಳನ್ನು ಹಲವು ಪ್ರೊಸೆಸ್‌ಗೆ ಹಂಚುವ ಪ್ಲಗಿನ್, ಜಾಬ್ ಅಂದರೆ ಸಿಐ ಒಂದು ಮೆಷಿನ್‌ನಲ್ಲಿ ಓಡಿಸುವ ಒಂದು ಕೆಲಸ, ಜ್ಯಾಂಗೊ ಅಂದರೆ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್. ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಉತ್ತರ ಒಂದೇ ಕಡೆ ಬರೆದಿಡೋಣ ಅನಿಸಿತು. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೇಗೆ ಹೊಡೆಯಬೇಕು ಅಂತ ನಿಮಗೆ ಗೊತ್ತೇ ಇದೆ.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದದ್ದು

ಮೊದಲನೇ ಪ್ರಶ್ನೆ, ಸಮಯ ಎಲ್ಲಿ ಹೋಗುತ್ತಿದೆ? ದರ್ಶಿನಿ ಹೋಟೆಲನ್ನು ನೆನಪಿಸಿಕೊಳ್ಳಿ. ಒಳಗೆ ದೋಸೆ ಕಾವಲಿ ನಾಲ್ಕು ಮಾಡಬಹುದು, ಎಂಟು ಮಾಡಬಹುದು. ಟೋಕನ್ ಕೊಡುವ ಕೌಂಟರ್ ಒಂದೇ ಇದ್ದರೆ ಕ್ಯೂ ಬೀದಿಗೇ ಬರುತ್ತದೆ. ಟೆಸ್ಟ್‌ನಲ್ಲೂ ಹಾಗೇ. ಹನ್ನೆರಡು ನಿಮಿಷದಲ್ಲಿ ಎರಡು ನಿಮಿಷ ಬರೀ ತಯಾರಿ ಅಂದುಕೊಳ್ಳಿ. ಪ್ಯಾಕೇಜ್ ಹಾಕೋದು, ಡೇಟಾಬೇಸ್ ಎಬ್ಬಿಸೋದು, ಮೈಗ್ರೇಶನ್ (ಡೇಟಾಬೇಸ್ ಟೇಬಲ್‌ಗಳನ್ನು ಕಟ್ಟುವ, ಬದಲಿಸುವ ಸ್ಕ್ರಿಪ್ಟ್) ಓಡಿಸೋದು. ಉಳಿದ ಹತ್ತು ನಿಮಿಷ ಮಾತ್ರ ಹಂಚಬಹುದಾದದ್ದು. ನಾಲ್ಕು ಕೈ ಹಾಕಿದರೆ 2 + 2.5, ಅಂದರೆ ನಾಲ್ಕೂವರೆ ನಿಮಿಷ. ಎಂಟು ಕೈ ಹಾಕಿದರೆ ಮೂರೂಕಾಲು. ನೂರು ಕೈ ಹಾಕಿದರೂ ಎರಡು ನಿಮಿಷಕ್ಕಿಂತ ಕೆಳಗೆ ಇಳಿಯಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲೇ ಹೇಳಿದ ಲೆಕ್ಕ ಇದು. ಇವತ್ತಿಗೂ ನಾವು ಅದನ್ನು ಮರೆತು ದೊಡ್ಡ ಮೆಷಿನ್ ಕೇಳುತ್ತೇವೆ.

ಎರಡನೇದು, ನಿಮ್ಮ ಟೆಸ್ಟ್‌ಗಳು ಏನನ್ನು ಹಂಚಿಕೊಂಡಿವೆ? ಒಂದೇ ಡೇಟಾಬೇಸಾ, ಒಂದೇ ರೆಡಿಸಾ (ಮೆಮರಿಯಲ್ಲಿ ಡೇಟಾ ಇಡುವ ಸರ್ವರ್), ಒಂದೇ ಹೆಸರಿನ ಫೈಲಾ, 8000 ಅಂತ ಗಟ್ಟಿಯಾಗಿ ಬರೆದಿಟ್ಟ ಪೋರ್ಟಾ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಬೇರೆ ಪ್ರಶ್ನೆಗಳು ವೇಗ ಎಷ್ಟು ಸಿಗುತ್ತೆ ಅಂತ ಹೇಳುತ್ತವೆ. ಇದು ಎಷ್ಟು ರಾತ್ರಿ ನಿದ್ದೆ ಹೋಗುತ್ತೆ ಅಂತ ಹೇಳುತ್ತದೆ.

ಮೂರನೇದು, ನೀವು ಕಾಯುತ್ತಿರೋದು ಎಲ್ಲಿ? ಲ್ಯಾಪ್‌ಟಾಪ್ ಮುಂದೆಯಾ, ಸಿಐ ಮುಂದೆಯಾ? ಎರಡಕ್ಕೂ ಮದ್ದು ಬೇರೆ. ನಾಲ್ಕನೇದು ಬಜೆಟ್. ಲ್ಯಾಪ್‌ಟಾಪಿನಲ್ಲಿ ಬಜೆಟ್ ಅಂದರೆ ರ್‍ಯಾಮ್, ಸಿಐನಲ್ಲಿ ಅಂದರೆ ನಿಮಿಷಗಳು. ಇನ್ನೊಂದು ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ: ಟೆಸ್ಟ್ ಬಿದ್ದಾಗ ಹುಡುಕೋದು ಎಷ್ಟು ಸುಲಭ?

ಇಷ್ಟು ಇಟ್ಟುಕೊಂಡು ಒಂದೊಂದೇ ದಾರಿ ನೋಡೋಣ.

ಏನೂ ಹಂಚದೆ ಇರುವ ದಾರಿ

ಇದೂ ಒಂದು ಆಯ್ಕೆ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಟೆಸ್ಟ್ ಓಡಿಸುವ ಟೂಲ್ ಆದ ಪೈಟೆಸ್ಟ್‌ಗೆ ‘--ಡ್ಯೂರೇಶನ್ಸ್=20’ ಅಂತ ಕೊಟ್ಟು ಒಮ್ಮೆ ಓಡಿಸಿ. ತೀರಾ ನಿಧಾನದ ಇಪ್ಪತ್ತನ್ನು ಅದು ಕೊನೆಗೆ ಪಟ್ಟಿ ಮಾಡಿ ಕೊಡುತ್ತದೆ. ಆ ಪಟ್ಟಿಯಲ್ಲಿ ‘ಸ್ಲೀಪ್(5)’, ಅಂದರೆ ಐದು ಸೆಕೆಂಡ್ ಸುಮ್ನೆ ಕಾಯೋದು, ಒಂದಾದರೂ ಸಿಕ್ಕೇ ಸಿಗುತ್ತದೆ. ಯಾರೋ ಯಾವತ್ತೋ ಅವಸರದಲ್ಲಿ ಹಾಕಿ ಮರೆತದ್ದು. ಜ್ಯಾಂಗೊ ಪ್ರಾಜೆಕ್ಟ್ ಆದರೆ ಪಾಸ್‌ವರ್ಡ್ ಹ್ಯಾಶರ್ (ಪಾಸ್‌ವರ್ಡನ್ನು ಗುಟ್ಟಾಗಿಡೋಕೆ ಕಲಸುವ ಕೋಡ್) ನೋಡಿ. ನಿಜವಾದ ಸೈಟಿಗೆ ಅದು ಬೇಕಂತಲೇ ನಿಧಾನ ಇರಬೇಕು. ಟೆಸ್ಟ್‌ನಲ್ಲಿ ಪ್ರತಿ ಸಲ ಯೂಸರ್ ಮಾಡುವಾಗಲೂ ಆ ನಿಧಾನ ಸುಮ್ನೆ ದಂಡ. ಟೆಸ್ಟ್ ಸೆಟ್ಟಿಂಗ್‌ನಲ್ಲಿ ಮಾತ್ರ ಎಂಡಿ5 ಹ್ಯಾಶರ್ ಇಟ್ಟುಕೊಳ್ಳಿ ಅಂತ ಜ್ಯಾಂಗೊ ದಾಖಲೆಯೇ ಹೇಳುತ್ತದೆ. ‘ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್’ ಅಂತ ಬರೆದಿರುವ ಕಡೆ ಬರೀ ‘ಟೆಸ್ಟ್‌ಕೇಸ್’ ಸಾಕಾಗುತ್ತಾ ನೋಡಿ. ಮೊದಲನೇದು ಪ್ರತಿ ಟೆಸ್ಟ್ ಆದಮೇಲೆ ಟೇಬಲ್‌ಗಳನ್ನೆಲ್ಲ ಖಾಲಿ ಮಾಡುತ್ತದೆ. ಎರಡನೇದು ರೋಲ್‌ಬ್ಯಾಕ್ ಮಾಡಿ, ಅಂದರೆ ಬದಲಾವಣೆಗಳನ್ನು ರದ್ದು ಮಾಡಿ, ಕೈ ತೊಳೆದುಕೊಳ್ಳುತ್ತದೆ.

ದಿನದ ಕೆಲಸಕ್ಕೆ ‘--ಎಲ್‌ಎಫ್’ ಇದೆ, ಹಿಂದಿನ ಸಲ ಬಿದ್ದವನ್ನು ಮಾತ್ರ ಓಡಿಸುತ್ತದೆ. ಪೈಟೆಸ್ಟ್-ಟೆಸ್ಟ್‌ಮಾನ್ ಅಂತ ಒಂದು ಪ್ಲಗಿನ್ ಇದೆ. ನೀವು ಮುಟ್ಟಿದ ಕೋಡಿಗೆ ಸಂಬಂಧಪಟ್ಟ ಟೆಸ್ಟ್‌ಗಳನ್ನು ಮಾತ್ರ ಅದು ಆರಿಸುತ್ತದೆ. ಖರ್ಚು ಸೊನ್ನೆ, ತಲೆನೋವೂ ಕಡಿಮೆ. ಒಟ್ಟು ಸಮಯ ಮೂರು ನಿಮಿಷದ ಒಳಗೆ ಬಂದರೆ ಇಲ್ಲೇ ನಿಲ್ಲಿಸಿ. ಮುಂದಿನದು ಓದಬೇಕಿಲ್ಲ, ನಿಜವಾಗಿ.

ಎಕ್ಸ್‌ಡಿಸ್ಟ್: ಒಂದೇ ಮೆಷಿನ್, ಹಲವು ಪ್ರೊಸೆಸ್

ಪೈಟೆಸ್ಟ್ ಬಳಸುವವರಿಗೆ ಮೊದಲು ನೆನಪಾಗುವ ಹೆಸರು ಪೈಟೆಸ್ಟ್-ಎಕ್ಸ್‌ಡಿಸ್ಟ್. ಹಾಕಿಕೊಂಡು ‘-ಎನ್ 4’ ಅಂದರೆ ನಾಲ್ಕು ಪ್ರೊಸೆಸ್ ಎದ್ದು ಕೂರುತ್ತವೆ. ಅವುಗಳ ಹೆಸರು ಜಿಡಬ್ಲ್ಯೂ0, ಜಿಡಬ್ಲ್ಯೂ1, ಹೀಗೆ. ‘-ಎನ್ ಆಟೊ’ ಅಂದರೆ ಮೆಷಿನ್‌ನ ಕೋರ್ ಎಷ್ಟಿದೆಯೋ ಅಷ್ಟು.

ಥ್ರೆಡ್ ಯಾಕಲ್ಲ, ಪ್ರೊಸೆಸ್ ಯಾಕೆ ಅಂತ ಕೇಳಬಹುದು. ಮಾಮೂಲಿ ಪೈಥಾನ್‌ನಲ್ಲಿ ಜಿಐಎಲ್ ಅನ್ನೋ ಬೀಗ ಇದೆ. ಒಂದು ಪ್ರೊಸೆಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು. ಅದಕ್ಕೇ ಪ್ರೊಸೆಸ್‌ಗಳನ್ನೇ ಜಾಸ್ತಿ ಮಾಡಬೇಕು. ಅದರಿಂದ ಒಂದು ಲಾಭವೂ ಇದೆ: ಒಂದು ಟೆಸ್ಟ್ ಗ್ಲೋಬಲ್ ವೇರಿಯಬಲ್ ಕೆಡಿಸಿದರೆ ಪಕ್ಕದ ಪ್ರೊಸೆಸ್‌ಗೆ ಅದು ತಾಗುವುದಿಲ್ಲ. ನಷ್ಟ ರ್‍ಯಾಮ್. ನಿಮ್ಮ ಆ್ಯಪ್ ಲೋಡ್ ಆದಾಗ 600 ಎಂಬಿ ತಿನ್ನುತ್ತದೆ ಅಂದರೆ ಎಂಟು ಪ್ರೊಸೆಸ್‌ಗೆ 4.8 ಜಿಬಿ ಹೋಯಿತು. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್, ಎಡಿಟರ್, ಡಾಕರ್ ಎಲ್ಲಾ ತೆರೆದಿಟ್ಟು ‘-ಎನ್ 8’ ಕೊಟ್ಟು ನೋಡಿ. ಟೆಸ್ಟ್‌ಗಿಂತ ಮೊದಲು ಫ್ಯಾನ್ ಓಡುತ್ತದೆ.

‘ಆಟೊ’ ಬಗ್ಗೆ ಒಂದು ಎಚ್ಚರಿಕೆ. ಕಂಟೇನರ್ (ದೊಡ್ಡ ಮೆಷಿನ್‌ನಲ್ಲಿ ನಿಮ್ಮ ಪ್ರೋಗ್ರಾಮ್‌ಗೆ ಬೇಲಿ ಹಾಕಿ ಕೊಟ್ಟ ಜಾಗ) ಒಳಗೆ ನಿಮಗೆ ಎರಡೇ ಸಿಪಿಯು ಪಾಲು ಕೊಟ್ಟಿರಬಹುದು. ಆದರೆ ಎಕ್ಸ್‌ಡಿಸ್ಟ್ ಆ ಮಿತಿ ನೋಡುವುದಿಲ್ಲ, ಆತಿಥೇಯ ಮೆಷಿನ್‌ನ ಕೋರ್ ಎಣಿಸುತ್ತದೆ. ಅದು 64 ಕೋರ್‌ನ ಮೆಷಿನ್ ಆದರೆ 64 ಪ್ರೊಸೆಸ್ ಎದ್ದು ಎರಡು ಸಿಪಿಯುಗೆ ಕಿತ್ತಾಡುತ್ತವೆ. ಸಿಐನಲ್ಲಿ ಯಾವಾಗಲೂ ಸಂಖ್ಯೆಯನ್ನೇ ಬರೆಯಿರಿ. ಇಲ್ಲವೇ ‘ಪೈಟೆಸ್ಟ್_ಎಕ್ಸ್‌ಡಿಸ್ಟ್_ಆಟೊ_ನಮ್_ವರ್ಕರ್ಸ್’ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳಿ.

ಹಂಚುವ ಬಗೆ ‘--ಡಿಸ್ಟ್’ ಅನ್ನೋ ಆಯ್ಕೆಯಲ್ಲಿದೆ. ಏನೂ ಹೇಳದಿದ್ದರೆ ‘ಲೋಡ್’. ಯಾರ ಕೈ ಖಾಲಿಯೋ ಅವರಿಗೆ ಮುಂದಿನದು. ‘ಲೋಡ್‌ಫೈಲ್’ ಅಂದರೆ ಒಂದು ಫೈಲಿನ ಟೆಸ್ಟ್‌ಗಳೆಲ್ಲ ಒಬ್ಬರಿಗೇ. ‘ಲೋಡ್‌ಸ್ಕೋಪ್’ ಮಾಡ್ಯೂಲ್ ಅಥವಾ ಕ್ಲಾಸ್ ಲೆಕ್ಕದಲ್ಲಿ ಹಂಚುತ್ತದೆ. ‘ಲೋಡ್‌ಗ್ರೂಪ್’ ಕೊಟ್ಟರೆ ನೀವು ಗುಂಪಿನ ಗುರುತು ಹಾಕಿದ ಟೆಸ್ಟ್‌ಗಳು ಒಟ್ಟಿಗೆ ಇರುತ್ತವೆ. ‘ವರ್ಕ್‌ಸ್ಟೀಲ್’ ಮೊದಲು ಸಮನಾಗಿ ಹಂಚಿ, ಬೇಗ ಮುಗಿಸಿದವರು ಪಕ್ಕದವರ ತಟ್ಟೆಯಿಂದ ಎತ್ತಿಕೊಳ್ಳುವ ಹಾಗೆ ಮಾಡುತ್ತದೆ.

ಯಾವುದು ಆರಿಸಬೇಕು? ಮದುವೆ ಊಟದ ಪಂಕ್ತಿ ನೋಡಿದ್ದೀರಲ್ಲ. ಎಲ್ಲರದೂ ಮುಗಿದಿರುತ್ತದೆ, ಮೂಲೆಯಲ್ಲಿ ಒಬ್ಬರು ಮಾತ್ರ ನಿಧಾನಕ್ಕೆ ಪಾಯಸ ಸುರಿಯುತ್ತಿರುತ್ತಾರೆ. ಅವರು ಏಳೋವರೆಗೆ ಎಲೆ ತೆಗೆಯೋ ಹಾಗಿಲ್ಲ, ಮುಂದಿನ ಪಂಕ್ತಿ ಕೂರೋ ಹಾಗಿಲ್ಲ. ‘ಲೋಡ್‌ಫೈಲ್’ನಲ್ಲಿ ದೊಡ್ಡ ಫೈಲ್ ಒಂದಿದ್ದರೆ ಆಗೋದು ಇದೇ. ಮೂರು ಪ್ರೊಸೆಸ್ ಕೈಕಟ್ಟಿ ಕೂತಿರುತ್ತವೆ, ನಾಲ್ಕನೇದು ಒಂದೇ ಓಡುತ್ತಿರುತ್ತದೆ. ಟೆಸ್ಟ್‌ಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಅಂತ ಧೈರ್ಯ ಇದ್ದರೆ ‘ಲೋಡ್’ ಅಥವಾ ‘ವರ್ಕ್‌ಸ್ಟೀಲ್’. ಧೈರ್ಯ ಇಲ್ಲದಿದ್ದರೆ ಶುರುವಿಗೆ ‘ಲೋಡ್‌ಫೈಲ್’, ಆಮೇಲೆ ದೊಡ್ಡ ಫೈಲನ್ನು ಒಡೆಯಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪೈಥಾನ್ ಭಾಷೆಯ ಸ್ವಂತ ಟೆಸ್ಟ್‌ಗಳಲ್ಲೂ ಹೀಗೇ ಮಾಡಿದ್ದಾರೆ. ಅಲ್ಲಿ ಫೈಲ್ ಲೆಕ್ಕದಲ್ಲೇ ಹಂಚೋದು. ಮಲ್ಟಿಪ್ರೊಸೆಸಿಂಗ್, ಅಸಿಂಕ್‌ಐಒ, ಕಾನ್‌ಕರೆಂಟ್ ಫ್ಯೂಚರ್ಸ್ ಟೆಸ್ಟ್‌ಗಳನ್ನು ಒಂದೊಂದು ಫೋಲ್ಡರ್ ಮಾಡಿ, ಒಳಗಿನ ಚಿಕ್ಕ ಫೈಲ್‌ಗಳನ್ನು ಬೇರೆ ಬೇರೆಯಾಗಿ ಓಡಿಸುತ್ತಾರೆ.

ಎಕ್ಸ್‌ಡಿಸ್ಟ್‌ನ ಮೂರು ಮುಳ್ಳುಗಳನ್ನು ಹೇಳಿಬಿಡುತ್ತೇನೆ. ಒಂದು, ‘-ಎಸ್’ ಕೊಟ್ಟರೂ ಪ್ರಿಂಟ್ ಕಾಣುವುದಿಲ್ಲ, ಬಿದ್ದ ಕಡೆ ಡೀಬಗರ್ ತೆರೆಯುವ ‘--ಪಿಡಿಬಿ’ ಕೂಡ ನಡೆಯುವುದಿಲ್ಲ. ಡೀಬಗ್ ಮಾಡಬೇಕಾದರೆ ‘-ಎನ್ 0’ಗೆ ವಾಪಸ್ ಬರಬೇಕು. ಎರಡು, ಸೆಷನ್ ಮಟ್ಟದ ಫಿಕ್ಸ್‌ಚರ್ (ಟೆಸ್ಟ್‌ಗಳಿಗೆ ಬೇಕಾದ್ದನ್ನು ತಯಾರಿಸಿ ಕೊಡುವ ಫಂಕ್ಷನ್) ಒಂದೇ ಸಲ ಓಡುತ್ತೆ ಅಂತ ನಂಬಿದ್ದೀರಾ? ಪ್ರತಿ ಪ್ರೊಸೆಸ್‌ಗೂ ಒಂದೊಂದು ಸಲ ಓಡುತ್ತದೆ. ನಿಜವಾಗಿ ಒಂದೇ ಸಲ ಬೇಕಾದರೆ ಫೈಲ್‌ಲಾಕ್ (ಒಬ್ಬರು ಹಿಡಿದಿರುವಾಗ ಉಳಿದವರನ್ನು ಕಾಯಿಸುವ ಬೀಗ) ಹಾಕಬೇಕು. ಮೂರು, ಪ್ರತಿ ಪ್ರೊಸೆಸ್ ತಾನೇ ಎಲ್ಲಾ ಟೆಸ್ಟ್‌ಗಳ ಪಟ್ಟಿ ಮಾಡುತ್ತದೆ, ಎಲ್ಲರ ಪಟ್ಟಿಯೂ ಅಕ್ಷರಶಃ ಒಂದೇ ಇರಬೇಕು. ಒಂದೇ ಟೆಸ್ಟನ್ನು ಬೇರೆ ಬೇರೆ ಬೆಲೆಗಳಿಗೆ ಓಡಿಸುವ ಪ್ಯಾರಾಮೆಟ್ರೈಸ್‌ಗೆ ಸ್ಟ್ರಿಂಗ್‌ಗಳ ಸೆಟ್ ಕೊಟ್ಟರೆ ಒಂದೊಂದು ಪ್ರೊಸೆಸ್‌ನಲ್ಲಿ ಒಂದೊಂದು ಕ್ರಮ ಬರುತ್ತದೆ. ಆಗ ಜಿಡಬ್ಲ್ಯೂ0ಗೂ ಜಿಡಬ್ಲ್ಯೂ1ಗೂ ಬೇರೆ ಬೇರೆ ಟೆಸ್ಟ್ ಸಿಕ್ಕಿವೆ ಅಂತ ಬೈದು ನಿಂತುಬಿಡುತ್ತದೆ. ಸೆಟ್ ಬದಲು ಸಾರ್ಟ್ ಮಾಡಿದ ಲಿಸ್ಟ್ ಕೊಡಿ, ಅಷ್ಟೇ.

ಒಂದು ಫೈಲಿನ ಕಥೆ

ಹಂಚಿಕೊಂಡ ವಸ್ತು ಅಂದೆನಲ್ಲ, ಅದು ಹೇಗೆ ಕಾಡುತ್ತೆ ಅಂತ ಹೇಳಬೇಕು. ಹಿಂದೆ ನಾನಿದ್ದ ಒಂದು ತಂಡದಲ್ಲಿ ಎಕ್ಸ್‌ಡಿಸ್ಟ್ ಹಾಕಿದ ದಿನ ಎಲ್ಲಾ ಹಸಿರು. ಸಂಭ್ರಮ. ಮರುದಿನ ಒಂದು ಟೆಸ್ಟ್ ಬಿತ್ತು. ತಿರುಗಿ ಓಡಿಸಿದರೆ ಪಾಸ್. ಎರಡು ದಿನ ಬಿಟ್ಟು ಇನ್ನೊಂದು ಬಿತ್ತು. ಮತ್ತೆ ರೀ-ರನ್, ಮತ್ತೆ ಪಾಸ್. ಎರಡು ವಾರದಲ್ಲಿ ನಮ್ಮೆಲ್ಲರ ಕೈ ರೀ-ರನ್ ಬಟನ್‌ಗೆ ಎಷ್ಟು ಒಗ್ಗಿಹೋಗಿತ್ತು ಅಂದರೆ, ನಿಜವಾದ ಬಗ್ ಒಂದು ಬಂದಾಗಲೂ ಎರಡು ಸಲ ರೀ-ರನ್ ಒತ್ತಿ ಆಮೇಲೆ ಎಚ್ಚರವಾದೆವು.

ಕೊನೆಗೆ ಒಬ್ಬ ಹುಡುಗ ಹಟ ಹಿಡಿದು ಲಾಗ್ ಓದಿದ. ‘-ವಿ’ ಕೊಟ್ಟರೆ ಪ್ರತಿ ಟೆಸ್ಟ್ ಮುಂದೆ ಅದು ಯಾವ ಪ್ರೊಸೆಸ್‌ನಲ್ಲಿ ಓಡಿತು ಅಂತ ಬರುತ್ತದೆ. ಬಿದ್ದಾಗಲೆಲ್ಲ ಎರಡು ಹೆಸರು ಅಕ್ಕಪಕ್ಕದಲ್ಲೇ ಇರುತ್ತಿದ್ದವು, ಬೇರೆ ಬೇರೆ ಪ್ರೊಸೆಸ್‌ನಲ್ಲಿ. ಒಂದು ಟೆಸ್ಟ್ ಮಾರಾಟದ ಲೆಕ್ಕವನ್ನು ಟೆಂಪ್ ಫೋಲ್ಡರಿನ ‘ರಿಪೋರ್ಟ್.ಸಿಎಸ್‌ವಿ’ಗೆ ಬರೆದು, ಮೂರು ಸಾಲು ಇದೆಯಾ ಅಂತ ನೋಡುತ್ತಿತ್ತು. ಇನ್ನೊಂದು ವಾಪಸಾತಿ ಲೆಕ್ಕವನ್ನು ಅದೇ ಹೆಸರಿನ ಫೈಲಿಗೆ ಬರೆದು, ಐದು ಸಾಲು ಇದೆಯಾ ಅಂತ ನೋಡುತ್ತಿತ್ತು. ಒಂದರ ಹಿಂದೆ ಒಂದು ಓಡಿದಾಗ ಯಾವ ತೊಂದರೆಯೂ ಇಲ್ಲ. ಒಂದೇ ಹೊತ್ತಿಗೆ ಓಡಿದಾಗ ಮೂರರ ಜಾಗದಲ್ಲಿ ಐದು. ಪೈಟೆಸ್ಟ್‌ನ ‘ಟಿಎಂಪಿ_ಪಾತ್’ ಫಿಕ್ಸ್‌ಚರ್ ಬಳಸಿದ ಮೇಲೆ ಸರಿಹೋಯಿತು. ಅದು ಪ್ರತಿ ಟೆಸ್ಟ್‌ಗೂ ಬೇರೆ ಫೋಲ್ಡರ್ ಕೊಡುತ್ತದೆ. ಬದಲಾದದ್ದು ಎರಡೇ ಸಾಲು.

ಎಕ್ಸ್‌ಡಿಸ್ಟ್ ತಂದ ತೊಂದರೆ ಅಲ್ಲ ಅದು. ಆ ಟೆಸ್ಟ್‌ಗಳು ಮೊದಲಿನಿಂದಲೂ ಒಂದರ ಎಲೆಯಲ್ಲಿ ಇನ್ನೊಂದು ಉಣ್ಣುತ್ತಿದ್ದವು. ಸರದಿ ಇದ್ದದ್ದರಿಂದ ಕಾಣುತ್ತಿರಲಿಲ್ಲ, ಅಷ್ಟೇ.

ಪೈಥಾನ್ ಭಾಷೆ ಕಟ್ಟುವವರು ಇದನ್ನು ಬೇರಿನಲ್ಲೇ ಬಗೆಹರಿಸಿದ್ದಾರೆ. ಅವರ ಟೆಸ್ಟ್‌ಗಳು ಬಳಸುವ ತಾತ್ಕಾಲಿಕ ಫೈಲಿನ ಹೆಸರಿನಲ್ಲೇ ಪ್ರೊಸೆಸ್‌ನ ನಂಬರ್ ಸೇರಿರುತ್ತದೆ. ಎರಡು ಪ್ರೊಸೆಸ್ ಒಂದೇ ಹೆಸರು ಕೇಳುವ ಪ್ರಶ್ನೆಯೇ ಇಲ್ಲ. ಪೋರ್ಟ್ ಬೇಕಾದರೆ ಸೊನ್ನೆಗೆ ಬೈಂಡ್ ಮಾಡಿ, ಆಪರೇಟಿಂಗ್ ಸಿಸ್ಟಮ್ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಟೆಸ್ಟ್ ಮುಗಿದ ಮೇಲೆ ಎನ್ವಿರಾನ್‌ಮೆಂಟ್ ಏನಾದರೂ ಬದಲಾಗಿ ಉಳಿಯಿತಾ ಅಂತ ಅವರ ರನ್ನರ್ ನೋಡುತ್ತದೆ. ಬೇಕಾದರೆ ಅದನ್ನೂ ಫೇಲ್ ಅಂತ ಲೆಕ್ಕ ಹಾಕಬಹುದು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅಲ್ಲಿ ‘-ಜೆ0’ ಅಂದರೆ ಕೋರ್‌ಗಳ ಸಂಖ್ಯೆಗೆ ಎರಡು ಜಾಸ್ತಿ ಪ್ರೊಸೆಸ್. ಕೆಲವು ಟೆಸ್ಟ್‌ಗಳು ಸುಮ್ನೆ ನಿದ್ದೆ ಹೊಡೆಯುತ್ತಿರುತ್ತವಲ್ಲ, ಆಗ ಸಿಪಿಯು ಖಾಲಿ ಕೂರಬಾರದು ಅಂತ. ನಿಮ್ಮ ಟೆಸ್ಟ್‌ಗಳೂ ನೆಟ್‌ವರ್ಕ್‌ಗೋ ಡೇಟಾಬೇಸ್‌ಗೋ ಕಾಯುವಂಥವಾದರೆ ಕೋರ್‌ಗಿಂತ ಒಂದೆರಡು ಜಾಸ್ತಿ ಕೊಟ್ಟು ನೋಡಿ.

ಜ್ಯಾಂಗೊದ ಸ್ವಂತ ಪ್ಯಾರಲಲ್

ಜ್ಯಾಂಗೊ 1.9 ಬಂದಾಗಿನಿಂದ, ಅಂದರೆ 2015ರ ಕೊನೆಯಿಂದ, ಅದರ ಟೆಸ್ಟ್ ರನ್ನರ್‌ನಲ್ಲೇ ‘--ಪ್ಯಾರಲಲ್’ ಇದೆ. ಬೇರೆ ಪ್ಲಗಿನ್ ಬೇಡ. ಇದರ ದೊಡ್ಡ ಗುಣ ಡೇಟಾಬೇಸ್ ವಿಷಯದಲ್ಲಿ. ಒಂದು ಟೆಸ್ಟ್ ಡೇಟಾಬೇಸ್ ಕಟ್ಟಿ, ಮೈಗ್ರೇಶನ್ ಒಂದೇ ಸಲ ಓಡಿಸಿ, ಆಮೇಲೆ ಪ್ರತಿ ಪ್ರೊಸೆಸ್‌ಗೂ ಅದರ ನಕಲು ಮಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೆಂಪ್ಲೇಟ್‌ನಿಂದ ನಕಲು, ಬೇಗ ಆಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಡಂಪ್ ತೆಗೆದು ತುಂಬುತ್ತದೆ, ಅದು ನಿಧಾನ.

ಪೈಟೆಸ್ಟ್-ಜ್ಯಾಂಗೊ ಮತ್ತು ಎಕ್ಸ್‌ಡಿಸ್ಟ್ ಜೋಡಿಯೂ ಪ್ರತಿ ಪ್ರೊಸೆಸ್‌ಗೆ ಬೇರೆ ಡೇಟಾಬೇಸ್ ಕೊಡುತ್ತದೆ. ಹೆಸರಿನ ಬಾಲಕ್ಕೆ ಜಿಡಬ್ಲ್ಯೂ0 ಅಂತ ಸೇರಿಸುತ್ತದೆ. ಆದರೆ ಅಲ್ಲಿ ಪ್ರತಿ ಪ್ರೊಸೆಸ್ ತನ್ನ ಮೈಗ್ರೇಶನ್ ತಾನೇ ಓಡಿಸಬೇಕು. ವರ್ಷಗಟ್ಟಲೆ ಹಳೆಯ ಪ್ರಾಜೆಕ್ಟ್, ನಾನೂರು ಮೈಗ್ರೇಶನ್ ಅಂದರೆ ಇದು ಸಣ್ಣ ವಿಷಯ ಅಲ್ಲ. ‘--ರೀಯೂಸ್-ಡಿಬಿ’ ಅಥವಾ ‘--ನೋಮೈಗ್ರೇಶನ್ಸ್’ ಹಾಕಿ ತಪ್ಪಿಸಿಕೊಳ್ಳಬಹುದು. ಲ್ಯಾಪ್‌ಟಾಪಿನಲ್ಲಿ ಮೊದಲನೇದು ಚೆನ್ನಾಗಿ ನಡೆಯುತ್ತದೆ. ಸಿಐನಲ್ಲಿ ಪ್ರತಿ ಸಲ ಹೊಸ ಮೆಷಿನ್, ಮರುಬಳಕೆಗೆ ಹಳೆಯ ಡೇಟಾಬೇಸೇ ಇರುವುದಿಲ್ಲ.

ಹಾಗಾದರೆ ಜ್ಯಾಂಗೊದ್ದೇ ಮೇಲಾ? ಅಷ್ಟು ಸುಲಭ ಅಲ್ಲ. ಇದು ಹಂಚೋದು ಟೆಸ್ಟ್ ಕ್ಲಾಸ್ ಲೆಕ್ಕದಲ್ಲಿ. ಒಂದು ಕ್ಲಾಸಿನಲ್ಲಿ ಇನ್ನೂರು ಟೆಸ್ಟ್ ತುಂಬಿಟ್ಟಿದ್ದರೆ ಮತ್ತೆ ಪಾಯಸದ ಕಥೆಯೇ. ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಮ್ಯಾಕ್‌ನಲ್ಲಿ ಸರಿಯಾದ ಬೆಂಬಲ ಬಂದದ್ದು 4.1ರಲ್ಲಿ. ಟೆಸ್ಟ್ ಬಿದ್ದಾಗ ಟ್ರೇಸ್‌ಬ್ಯಾಕ್ (ಯಾವ ಸಾಲಿನಲ್ಲಿ ಬಿತ್ತು ಅನ್ನೋ ವಿವರ) ಸರಿಯಾಗಿ ಕಾಣಬೇಕಾದರೆ ಟಿಬಿಲಿಬ್ ಅನ್ನೋ ಚಿಕ್ಕ ಪ್ಯಾಕೇಜ್ ಹಾಕಿಕೊಳ್ಳಬೇಕು. ಅದು ಇಲ್ಲದಿದ್ದರೆ ಬರುವ ಎರರ್ ನೋಡಿದರೆ ಯಾವ ಟೆಸ್ಟ್ ಬಿತ್ತು ಅನ್ನೋದಕ್ಕಿಂತ ಯಾಕೆ ಪಿಕಲ್ ಆಗಲಿಲ್ಲ (ಇನ್ನೊಂದು ಪ್ರೊಸೆಸ್‌ಗೆ ಕಳಿಸೋಕೆ ಕಟ್ಟಲಾಗಲಿಲ್ಲ) ಅನ್ನೋ ಗೊಂದಲವೇ ಜಾಸ್ತಿ. ಪೈಟೆಸ್ಟ್ ಇಲ್ಲದೆ ಬರೀ ಯೂನಿಟ್‌ಟೆಸ್ಟ್ ಶೈಲಿಯಲ್ಲಿ ಬರೆದ ಜ್ಯಾಂಗೊ ಪ್ರಾಜೆಕ್ಟ್, ಲಿನಕ್ಸ್, ಪೋಸ್ಟ್‌ಗ್ರೆಸ್ ಅಂದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಈಗಾಗಲೇ ಪೈಟೆಸ್ಟ್‌ನಲ್ಲಿ ಫಿಕ್ಸ್‌ಚರ್ ತುಂಬಿಕೊಂಡಿದ್ದರೆ ಇದಕ್ಕೋಸ್ಕರ ವಾಪಸ್ ಬರಬೇಡಿ.

ಸಿಐನಲ್ಲಿ ಜಾಬ್ ಒಡೆಯೋದು

ಇಲ್ಲಿ ಮೆಷಿನ್‌ಗಳನ್ನೇ ಜಾಸ್ತಿ ಮಾಡುತ್ತೇವೆ. ಗಿಟ್‌ಲ್ಯಾಬ್‌ನಲ್ಲಿ ‘ಪ್ಯಾರಲಲ್: 4’ ಅಂತ ಒಂದು ಸಾಲು ಬರೆದರೆ ಸಾಕು. ನಾಲ್ಕು ಜಾಬ್ ಹುಟ್ಟುತ್ತವೆ, ನೀನು ಎಷ್ಟನೆಯವನು ಅಂತ ಪ್ರತಿಯೊಂದಕ್ಕೂ ವೇರಿಯಬಲ್‌ನಲ್ಲಿ ಸಿಗುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಮ್ಯಾಟ್ರಿಕ್ಸ್ (ಒಂದೇ ಜಾಬ್‌ನ ಹಲವು ಪ್ರತಿಗಳ ಪಟ್ಟಿ) ಬರೆಯಬೇಕು. ಸರ್ಕಲ್‌ಸಿಐಯಲ್ಲಿ ಹಿಂದಿನ ಸಲದ ಸಮಯ ನೋಡಿ ಒಡೆಯುವ ಕಮಾಂಡ್ ಅವರೇ ಕೊಟ್ಟಿದ್ದಾರೆ. ಉಳಿದ ಕಡೆ ಪೈಟೆಸ್ಟ್-ಸ್ಪ್ಲಿಟ್ ಒಳ್ಳೆಯದು. ‘--ಸ್ಪ್ಲಿಟ್ಸ್ 4 --ಗ್ರೂಪ್ 1’ ಅಂದರೆ ನಾಲ್ಕರಲ್ಲಿ ಮೊದಲ ಪಾಲು. ಯಾವ ಟೆಸ್ಟ್‌ಗೆ ಎಷ್ಟು ಹೊತ್ತು ಅಂತ ಒಂದು ಫೈಲಿನಲ್ಲಿ ಇಟ್ಟುಕೊಂಡು ಅದರ ಪ್ರಕಾರ ಭಾಗ ಮಾಡುತ್ತದೆ. ಆ ಫೈಲನ್ನು ಆಗಾಗ ಹೊಸದು ಮಾಡದಿದ್ದರೆ ಆರು ತಿಂಗಳಲ್ಲಿ ಒಂದು ಜಾಬ್ ಎರಡು ನಿಮಿಷ, ಇನ್ನೊಂದು ಒಂಬತ್ತು ನಿಮಿಷ ಅಂತಾಗುತ್ತದೆ.

ಇದರ ಸುಖ ಏನು? ಹಂಚಿಕೊಳ್ಳೋಕೆ ಏನೂ ಇಲ್ಲ. ಪ್ರತಿ ಜಾಬ್‌ಗೂ ಬೇರೆ ಮೆಷಿನ್, ಬೇರೆ ಡಿಸ್ಕ್, ಬೇರೆ ಡೇಟಾಬೇಸ್. ನಮ್ಮ ‘ರಿಪೋರ್ಟ್.ಸಿಎಸ್‌ವಿ’ ಇಲ್ಲಿ ಎಂದೂ ಬೀಳುತ್ತಿರಲಿಲ್ಲ. ಟೆಸ್ಟ್‌ಗಳು ಅಂಟಿಕೊಂಡಿರುವ ಹಳೆಯ ಕೋಡ್, ಬಿಡಿಸೋಕೆ ಸಮಯ ಇಲ್ಲ ಅಂದರೆ ಇದೇ ದಾರಿ.

ದುಃಖ ಬಿಲ್‌ನಲ್ಲಿದೆ. ಮೊದಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ತಯಾರಿ ಎರಡು ನಿಮಿಷ, ಟೆಸ್ಟ್ ಹತ್ತು ನಿಮಿಷ. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಗೆ ಉಚಿತ ಪ್ಲಾನ್‌ನಲ್ಲಿ ತಿಂಗಳಿಗೆ 2000 ನಿಮಿಷ. ಪ್ರತಿ ಜಾಬ್‌ನ ಸಮಯವನ್ನು ಪೂರ್ತಿ ನಿಮಿಷಕ್ಕೆ ಏರಿಸಿ ಎಣಿಸುತ್ತಾರೆ. ಒಂದೇ ಜಾಬ್ ಆದರೆ 12 ನಿಮಿಷ, ತಿಂಗಳಿಗೆ 166 ಸಲ ಓಡಿಸಬಹುದು. ನಾಲ್ಕಾಗಿ ಒಡೆದರೆ ಪ್ರತಿ ಜಾಬ್ ನಾಲ್ಕೂವರೆ ನಿಮಿಷ, ಎಣಿಕೆಗೆ ಐದು, ಒಟ್ಟು 20. ಕಾಯೋದು 12ರಿಂದ ನಾಲ್ಕೂವರೆಗೆ ಇಳಿಯಿತು, ಸಿಗುವ ಓಟ 166ರಿಂದ 100ಕ್ಕೆ ಇಳಿಯಿತು. ಹತ್ತಾಗಿ ಒಡೆದರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಎಣಿಕೆಗೆ 30. ಪ್ರತಿ ಜಾಬ್ ತಯಾರಿಯ ಎರಡು ನಿಮಿಷವನ್ನು ಹೊಸದಾಗಿ ಕಟ್ಟುತ್ತಿದೆಯಲ್ಲ, ದುಡ್ಡು ಹೋಗೋದು ಅಲ್ಲಿ.

ಈಗ ಅದೇ ಒಂದು ಜಾಬ್‌ನಲ್ಲಿ ಎಕ್ಸ್‌ಡಿಸ್ಟ್ ‘-ಎನ್ 2’ ಹಾಕಿ. ಖಾಸಗಿ ರೆಪೊಗೆ ಸಿಗುವ ಮಾಮೂಲಿ ಲಿನಕ್ಸ್ ರನ್ನರ್‌ಗೆ ಎರಡು ಕೋರ್ ಇರುತ್ತದೆ. 2 + 5, ಏಳು ನಿಮಿಷ. ಎಣಿಕೆಗೂ ಏಳೇ. ತಿಂಗಳಿಗೆ 285 ಓಟ. ನಿಜದಲ್ಲಿ ಇಷ್ಟು ಚೊಕ್ಕವಾಗಿ ಅರ್ಧ ಆಗಲ್ಲ, ಒಂದಿಷ್ಟು ಸೋರುತ್ತದೆ. ಆದರೂ ದಿಕ್ಕು ನೋಡಿ. ಎಕ್ಸ್‌ಡಿಸ್ಟ್ ಕಾಯೋದನ್ನೂ ಬಿಲ್ಲನ್ನೂ ಇಳಿಸುತ್ತದೆ. ಜಾಬ್ ಒಡೆದರೆ ಕಾಯೋದು ಇಳಿದು ಬಿಲ್ ಏರುತ್ತದೆ. ಓಪನ್ ಸೋರ್ಸ್ ಪ್ರಾಜೆಕ್ಟ್ ಆದರೆ ಈ ಚಿಂತೆಯೇ ಬೇಡ. ಸಾರ್ವಜನಿಕ ರೆಪೊಗೆ ಮಾಮೂಲಿ ರನ್ನರ್ ಉಚಿತ, ಲಿನಕ್ಸ್‌ನಲ್ಲಿ ನಾಲ್ಕು ಕೋರ್.

ಇನ್ನೊಂದು ಕಿರಿಕಿರಿ ಕವರೇಜ್, ಅಂದರೆ ಟೆಸ್ಟ್‌ಗಳು ಕೋಡಿನ ಎಷ್ಟು ಸಾಲು ಮುಟ್ಟಿದವು ಅನ್ನೋ ಲೆಕ್ಕ. ಎಕ್ಸ್‌ಡಿಸ್ಟ್ ಜೊತೆ ಪೈಟೆಸ್ಟ್-ಕವ್ ತಾನೇ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಜಾಬ್ ಒಡೆದರೆ ಪ್ರತಿ ಜಾಬ್‌ನ ಡೇಟಾ ಫೈಲನ್ನು ಎತ್ತಿಟ್ಟು, ಕೊನೆಯಲ್ಲಿ ಇನ್ನೊಂದು ಜಾಬ್ ಮಾಡಿ ‘ಕವರೇಜ್ ಕಂಬೈನ್’ ಓಡಿಸಬೇಕು. ಅಸಾಧ್ಯ ಅಲ್ಲ, ಅರ್ಧ ದಿನದ ಕೆಲಸ.

ಥ್ರೆಡ್‌ನಲ್ಲಿ ಓಡಿಸಬಾರದಾ?

ಪೈಥಾನ್ 3.13ರಿಂದ ಜಿಐಎಲ್ ಇಲ್ಲದ ಬಿಲ್ಡ್ ಪ್ರಯೋಗಕ್ಕೆ ಸಿಕ್ಕಿತು, 3.14ರಲ್ಲಿ ಅದಕ್ಕೆ ಅಧಿಕೃತ ಬೆಂಬಲವೂ ಬಂತು. ಹಾಗಾದರೆ ಟೆಸ್ಟ್‌ಗಳನ್ನೂ ಥ್ರೆಡ್‌ನಲ್ಲಿ ಓಡಿಸೋಣ ಅಂತ ಕೆಲವರಿಗೆ ಆಸೆ. ಈಗಲೇ ಬೇಡ. ಟೆಸ್ಟ್‌ನಲ್ಲಿ ನಿಜವಾದದ್ದರ ಜಾಗದಲ್ಲಿ ನಕಲಿ ಇಡೋಕೆ ಬಳಸುವ ‘ಮಾಕ್.ಪ್ಯಾಚ್’ ಮಾಡುವ ಕೆಲಸವೇ ಮಾಡ್ಯೂಲ್‌ನ ಹೆಸರೊಂದನ್ನು ಬದಲಿಸೋದು. ಅದು ಆ ಪ್ರೊಸೆಸ್‌ನ ಎಲ್ಲಾ ಥ್ರೆಡ್‌ಗೂ ಕಾಣುತ್ತದೆ. ನೀವು ಒಂದು ಟೆಸ್ಟ್‌ನಲ್ಲಿ ಪೇಮೆಂಟ್ ಫಂಕ್ಷನ್ ಮಾಕ್ ಮಾಡಿದರೆ ಪಕ್ಕದ ಥ್ರೆಡ್‌ನ ಟೆಸ್ಟ್‌ಗೂ ನಕಲಿ ಪೇಮೆಂಟೇ ಸಿಗುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗೂ ಇದೇ ಗತಿ. ಪೈಟೆಸ್ಟ್-ರನ್-ಪ್ಯಾರಲಲ್ ಅಂತ ಒಂದು ಪ್ಲಗಿನ್ ಇದೆ ನಿಜ. ಅದು ಇರೋದು ವೇಗಕ್ಕಲ್ಲ. ಒಂದೇ ಟೆಸ್ಟನ್ನು ಹಲವು ಥ್ರೆಡ್‌ನಲ್ಲಿ ಒಟ್ಟಿಗೆ ಓಡಿಸಿ, ನಿಮ್ಮ ಲೈಬ್ರರಿ ಅದನ್ನು ತಡೆಯುತ್ತಾ ಅಂತ ನೋಡೋಕೆ. ಸಿ ಎಕ್ಸ್‌ಟೆನ್ಷನ್ ಬರೆಯುವವರಿಗೆ ಅದು ಬೇಕು, ಉಳಿದವರಿಗೆ ಅಲ್ಲ.

ಹಾಗಾದರೆ ನಿಮಗೆ ಯಾವುದು?

ಒಬ್ಬರೇ ಕೂತು ಮಾಡುವ ಪ್ರಾಜೆಕ್ಟ್, 8 ಜಿಬಿ ಲ್ಯಾಪ್‌ಟಾಪ್, ದುಡ್ಡು ಹಾಕೋ ಹಾಗಿಲ್ಲ ಅಂದರೆ: ಮೊದಲು ನಿಧಾನದ ಇಪ್ಪತ್ತನ್ನು ಸರಿಮಾಡಿ, ಆಮೇಲೆ ‘-ಎನ್ 2’ ಅಥವಾ ‘-ಎನ್ 3’. ಎಂಟಕ್ಕೆ ಹೋಗಬೇಡಿ.

ಐದಾರು ಜನರ ತಂಡ, ಖಾಸಗಿ ರೆಪೊ, ಸಿಐ ನಿಮಿಷ ತಿಂಗಳ ಇಪ್ಪತ್ತನೇ ತಾರೀಖಿಗೇ ಖಾಲಿ ಅನ್ನೋರು ಸಿಐನಲ್ಲೂ ಎಕ್ಸ್‌ಡಿಸ್ಟ್ ಹಾಕಿ, ಪ್ಯಾಕೇಜ್‌ಗಳನ್ನು ಕ್ಯಾಶ್ ಮಾಡಿ. ತಯಾರಿಯ ಎರಡು ನಿಮಿಷವನ್ನು ಅರ್ಧಕ್ಕೆ ಇಳಿಸಿದರೆ ಆಮೇಲೆ ಜಾಬ್ ಒಡೆದರೂ ಅಷ್ಟು ಸುಡುವುದಿಲ್ಲ.

ದೊಡ್ಡ ತಂಡ, ಎಕ್ಸ್‌ಡಿಸ್ಟ್ ಹಾಕಿದ ಮೇಲೂ ಹದಿನೈದು ನಿಮಿಷ, ಬಿಲ್ ಬೇರೆಯವರು ಕಟ್ಟುತ್ತಾರೆ ಅಂದರೆ ಎರಡನ್ನೂ ಸೇರಿಸಿ. ಜಾಬ್ ನಾಲ್ಕು, ಪ್ರತಿಯೊಂದರ ಒಳಗೂ ಎಕ್ಸ್‌ಡಿಸ್ಟ್. ನಲವತ್ತು ಎಂಜಿನಿಯರ್‌ಗಳು ಹತ್ತು ಹತ್ತು ನಿಮಿಷ ಕಾಯುವುದಕ್ಕಿಂತ ರನ್ನರ್ ಯಾವಾಗಲೂ ಅಗ್ಗ.

ಯಾವ ದಾರಿ ಹಿಡಿದರೂ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಪೈಟೆಸ್ಟ್-ರ್‍ಯಾಂಡಮ್ಲಿ ಹಾಕಿ, ಒಂದೇ ಪ್ರೊಸೆಸ್‌ನಲ್ಲಿ ಟೆಸ್ಟ್‌ಗಳನ್ನು ಇಸ್ಪೀಟಿನ ಹಾಗೆ ಕಲಸಿ ಹತ್ತು ಸಲ ಓಡಿಸಿ. ಜ್ಯಾಂಗೊ ರನ್ನರ್ ಆದರೆ 4.0ರಿಂದ ‘--ಶಫಲ್’ ಇದೆ. ಇಲ್ಲೇ ಬಿದ್ದರೆ ಟೆಸ್ಟ್‌ಗಳು ಒಂದು ಇನ್ನೊಂದರ ಬೆನ್ನೇರಿ ಕೂತಿವೆ ಅಂತ ಅರ್ಥ. ಆ ಸಲದ ಸೀಡ್ ನಂಬರ್ (ಕಲಸುವ ಕ್ರಮ ನಿರ್ಧರಿಸುವ ಸಂಖ್ಯೆ) ಪರದೆ ಮೇಲೆ ಬಂದಿರುತ್ತದೆ, ಅದನ್ನೇ ಕೊಟ್ಟರೆ ಅದೇ ಕ್ರಮದಲ್ಲಿ ಮತ್ತೆ ಬೀಳುತ್ತದೆ, ಹಿಡಿಯೋದು ಸುಲಭ. ಹತ್ತೂ ಸಲ ಪಾಸ್ ಆಗಿ, ‘-ಎನ್ 4’ ಕೊಟ್ಟಾಗ ಮಾತ್ರ ಬಿದ್ದರೆ ಕ್ರಮದ ಮೇಲೆ ಅನುಮಾನ ಬೇಡ. ಫೈಲು, ಪೋರ್ಟು, ರೆಡಿಸ್ ಕೀ, ಇವುಗಳಲ್ಲಿ ಯಾವುದೋ ಒಂದನ್ನು ಇಬ್ಬರು ಹಿಡಿದು ಎಳೆಯುತ್ತಿದ್ದಾರೆ.

ನನ್ನ ಈಗಿನ ಪ್ರಾಜೆಕ್ಟ್‌ನಲ್ಲಿ ಲ್ಯಾಪ್‌ಟಾಪಿಗೆ ‘-ಎನ್ 4’, ಹಂಚೋಕೆ ‘ಲೋಡ್‌ಗ್ರೂಪ್’. ಒಂದು ಹಳೆಯ ಪ್ರಿಂಟರ್ ಸರ್ವಿಸ್‌ನ ಏಳು ಟೆಸ್ಟ್‌ಗಳು ಇನ್ನೂ ಒಂದೇ ಪೋರ್ಟ್‌ಗೆ ಅಂಟಿಕೊಂಡಿವೆ. ಅವಕ್ಕೆ ‘ಹಳೇಪ್ರಿಂಟರ್’ ಅಂತ ಗುಂಪಿನ ಗುರುತು ಹಾಕಿ ಒಂದೇ ಪ್ರೊಸೆಸ್‌ಗೆ ಕಟ್ಟಿದ್ದೇನೆ. ಬಿಡಿಸಬೇಕು ಅಂತ ಟಿಕೆಟ್ ಇದೆ. ಪ್ರತಿ ಸ್ಪ್ರಿಂಟ್‌ನಲ್ಲೂ (ತಂಡ ಕೆಲಸ ಹಂಚಿಕೊಳ್ಳುವ ಒಂದೆರಡು ವಾರದ ಸುತ್ತು) ಮುಂದಿನ ಸ್ಪ್ರಿಂಟ್‌ಗೆ ಹೋಗುತ್ತದೆ.